ನಮ್ಮ ಇಗರ್ಜಿ ಹೈಸ್ಕೂಲು ಹುಟ್ಟಿದ್ದು ಯಾವಾಗ? ಹಳಬರು ಸ್ವಲ್ಪ ಹೇಳಿ

ಇಗರ್ಜಿ ಗುಡ್ಡ

ಎಲ್ಲರಿಗೂ ನಮಸ್ಕಾರ. ನಮ್ಮೂರ ಇಗರ್ಜಿ, ಅಂದರೆ ಚರ್ಚಿನ, ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳು ಸೇರಿ ಒಂದು ಸ್ಮರಣ ಸಂಚಿಕೆ ತರಲು ಹೊರಟಿದ್ದೇವೆ. ಸಂಪಾದಕ ಅಂತ ನನ್ನ ತಲೆಗೆ ಕಟ್ಟಿದ್ದಾರೆ. ಮೊದಲ ಪುಟದಲ್ಲೇ ಗಾಡಿ ನಿಂತಿದೆ. ಶಾಲೆ ಶುರುವಾದ ವರ್ಷ ಯಾವುದು?

ಗೇಟಿನ ಬೋರ್ಡಿನಲ್ಲಿ ಒಂದು ಇಸವಿ ಇದೆ. ಆಫೀಸಿನ ಗೋಡೆಯಲ್ಲಿ ಕೂರಿಸಿದ ಕಲ್ಲಿನಲ್ಲಿ ಇನ್ನೊಂದು. ಇಗರ್ಜಿಯ ಹಿರಿಯರನ್ನು ಕೇಳಿದರೆ ಮೂರನೆಯದು ಹೇಳುತ್ತಾರೆ. ಮೂರಕ್ಕೂ ನಡುವೆ ಒಂದು ತಲೆಮಾರಿನಷ್ಟು ಅಂತರ. ಆ ಇಸವಿಗಳನ್ನು ಬೇಕಂತಲೇ ಇಲ್ಲಿ ಬರೆಯುತ್ತಿಲ್ಲ. ಬರೆದರೆ ತಲೆಗೊಂದು ಆರಿಸಿಕೊಂಡು ಜಗಳಕ್ಕೆ ಕೂರುತ್ತೀರಿ. ನಿಮ್ಮ ನೆನಪಿನಲ್ಲಿ ಇರುವುದನ್ನು ಮಾತ್ರ ಹೇಳಿ. ಮನೆಯಲ್ಲಿ ಹಳೇ ಟಿ.ಸಿ., ಮಾರ್ಕ್ಸ್ ಕಾರ್ಡ್, ಗ್ರೂಪ್ ಫೋಟೊ ಇದ್ದರೆ ಅಟ್ಟದಿಂದ ಇಳಿಸಿ.

ಸೋಗೆಮನೆ

ನನ್ನ ಹತ್ತಿರ ಪಕ್ಕಾ ಪುರಾವೆ ಇದೆ ಸರ್. ಹೋದ ವರ್ಷ ಹಳೇ ಕಟ್ಟಡದ ಮಾಡು ಬಿಚ್ಚಿದಾಗ ನಾನು ಎರಡು ಹಂಚು ಮನೆಗೆ ತಂದಿಟ್ಟೆ. ಹಂಚಿನ ಬೆನ್ನ ಮೇಲೆ ಬಾಸೆಲ್ ಮಿಷನ್ ಅಂತ ಇದೆ, ಕೆಳಗೆ 1865 ಅಂತ ಸ್ಪಷ್ಟವಾಗಿ ಒತ್ತಿದ್ದಾರೆ. ಅಂದರೆ ನಮ್ಮ ಶಾಲೆಗೆ ನೂರೈವತ್ತು ವರ್ಷ ಯಾವಾಗಲೋ ದಾಟಿತು!

ಇಗರ್ಜಿ ಗುಡ್ಡ

ನಾಲ್ಕನೇ ಇಸವಿ ಬಂತು. ಒಳ್ಳೇದಾಯ್ತು.

ನಿವೃತ್ತ ಮೇಷ್ಟ್ರು

ಸೋಗೆಮನೆಯವರೇ, ಬೇಸರ ಮಾಡಿಕೊಳ್ಳಬೇಡಿ. ಆ 1865 ಶಾಲೆಯದಲ್ಲ, ಹಂಚಿನದೂ ಅಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ವರ್ಷ ಅದು. ಬಿಸ್ಕತ್ತಿನ ಪೊಟ್ಟಣದ ಮೇಲೆ ಕಂಪನಿ ಶುರುವಾದ ಇಸವಿ ಹಾಕುವುದಿಲ್ಲವೇ, ಹಾಗೆ. ಆಮೇಲೆ ಎಷ್ಟೋ ವರ್ಷ ಅದೇ ಅಚ್ಚು ಒತ್ತಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರ ನಂಟಿದೆ ಅಂತ ಬ್ರಿಟಿಷರು ಮಿಷನ್ನಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡರು. ಕೊನೆಗೆ ಅವು ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಹಾಗಾಗಿ ಹಂಚು ಹಳೆಯದು ಅನ್ನುವುದು ನಿಜ. ಶಾಲೆಯೂ ಅಷ್ಟೇ ಹಳೆಯದು ಅಂತ ಅದರಿಂದ ಹೇಳಲು ಬರುವುದಿಲ್ಲ.

ಇನ್ನೊಂದು ಮಾತು. ಬಾಸೆಲ್‌ನವರು ಪ್ರೊಟೆಸ್ಟೆಂಟರು. ನಮ್ಮದು ಕೆಥೋಲಿಕ್ ಇಗರ್ಜಿಯ ಶಾಲೆ. ಹಂಚಿಗೆ ಪಂಗಡ ಇಲ್ಲ ನೋಡಿ. ನಮ್ಮ ಕಡೆ ಮಠಕ್ಕೂ ಅದೇ ಹಂಚು, ಮಸೀದಿಗೂ ಅದೇ. ಒಂದು ಮನೆ ಬಿಚ್ಚಿದರೆ ಅದರ ಹಂಚು ಇನ್ನೊಂದಕ್ಕೆ ಏರುತ್ತಿತ್ತು. ನಾನು ಕೆಲಸಕ್ಕೆ ಸೇರಿದಾಗ ಆ ಕಟ್ಟಡದ ಅರ್ಧಕ್ಕೆ ಹಂಚು, ಇನ್ನರ್ಧಕ್ಕೆ ಅಡಿಕೆ ಸೋಗೆ. ಸೋಗೆ ಕಡೆ ಕೂತ ಮಕ್ಕಳ ಪುಸ್ತಕ ಮಳೆಗಾಲವಿಡೀ ಒದ್ದೆ.

ಸೋಗೆಮನೆ

ಅಯ್ಯೋ ಮೇಷ್ಟ್ರೇ, ಆ ಹಂಚಿಗೆ ಫ್ರೇಮ್ ಹಾಕಿಸಿ ಹಾಲಿನಲ್ಲಿ ಇಟ್ಟಿದ್ದೇನೆ. ಇರಲಿ ಬಿಡಿ, ತೆಗೆಯಲ್ಲ.

ಮೊಂತಿ ಫೆಸ್ತ್

ನಮ್ಮಜ್ಜ ಮಂಗಳೂರು ಕಡೆಯಿಂದ ಜೋಗದ ಪವರ್ ಹೌಸ್ ಕಟ್ಟುವ ಕೆಲಸಕ್ಕೆ ಬಂದವರು. ಈಗ ಮಹಾತ್ಮ ಗಾಂಧಿ ಹೆಸರಿರುವ ಪವರ್ ಹೌಸ್, 1948ರಲ್ಲಿ ಶುರುವಾಯಿತಲ್ಲ, ಅದು. ಆ ಕೆಲಸ ಮುಗಿದ ಮೇಲೆ ಅಜ್ಜ ಊರಿಗೆ ವಾಪಸ್ ಹೋಗಲಿಲ್ಲ. ಇಲ್ಲೇ ಎರಡು ಎಕರೆ ಮಾಡಿಕೊಂಡರು. ಆಗ ಇಗರ್ಜಿ ಅಂದರೆ ಒಂದು ಕೋಣೆ, ಒಂದು ಜಗಲಿ. ಪಾದ್ರಿ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ದಿನ ಒಬ್ಬ ಉಪದೇಶಿ ಇರುತ್ತಿದ್ದರು. ಅವರು ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬೆಳಿಗ್ಗೆ ಜಪ ಕಲಿಸುವುದು, ಆಮೇಲೆ ಮರಳಿನ ಮೇಲೆ ಅ ಆ ಇ ಈ ತಿದ್ದಿಸುವುದು. ಜಪದ ಹೊತ್ತಿಗೆ ನಮ್ಮವರ ಮಕ್ಕಳು ಮಾತ್ರ. ಅಕ್ಷರದ ಹೊತ್ತಿಗೆ ಆಚೀಚೆ ಮನೆಯ ಮಕ್ಕಳೂ ಬಂದು ಕೂರುತ್ತಿದ್ದರಂತೆ.

ನಮ್ಮ ಹಿರಿಯರು ಹೇಳುವ ಮೂರನೇ ಇಸವಿ ಇದೆಯಲ್ಲ, ಅದು ಈ ಜಗಲಿ ಶಾಲೆಯ ಲೆಕ್ಕ. ಅವರ ಪ್ರಕಾರ ಶಾಲೆ ಅಲ್ಲೇ ಹುಟ್ಟಿದ್ದು.

ನೇರ ಮಾತು

ಅದನ್ನು ಶಾಲೆ ಅನ್ನುವುದಾದರೆ ನಮ್ಮೂರ ಭಜನೆ ಮನೆಯೂ ಯೂನಿವರ್ಸಿಟಿ. ಸರ್ಕಾರದ ಪರವಾನಗಿ ಇದ್ದರೆ ಮಾತ್ರ ಶಾಲೆ.

ನಿವೃತ್ತ ಮೇಷ್ಟ್ರು

ನೇರ ಮಾತಿನವರು ಒರಟಾಗಿ ಹೇಳಿದರೂ ಪ್ರಶ್ನೆ ಸರಿ ಇದೆ. ಒಂದು ಖಾಸಗಿ ಹೈಸ್ಕೂಲಿಗೆ ಹುಟ್ಟು ಒಂದಲ್ಲ, ನಾಲ್ಕೈದು. ಮೊದಲು ಜಗಲಿ. ಆಮೇಲೆ ಪ್ರೈಮರಿಗೆ ಮಾನ್ಯತೆ. ಆಮೇಲೆ ಹೈಸ್ಕೂಲಿಗೆ ಅನುಮತಿ. ಅನುಮತಿ ಸಿಕ್ಕ ವರ್ಷ ಎಂಟನೇ ಕ್ಲಾಸು ಮಾತ್ರ. ಮರುವರ್ಷ ಒಂಬತ್ತು, ಅದರ ಮರುವರ್ಷ ಹತ್ತು. ಹಾಗಾಗಿ ಮೊದಲ ಎಸ್ಸೆಸ್ಸೆಲ್ಸಿ ಬ್ಯಾಚ್ ಹೊರಗೆ ಬರುವಾಗ ಮೂರು ಶೈಕ್ಷಣಿಕ ವರ್ಷ ಕಳೆದಿರುತ್ತದೆ. ಅನುದಾನ ಸಿಗುವುದು ಇನ್ನೂ ತಡ. ಅಲ್ಲಿವರೆಗೆ ಮೇಷ್ಟ್ರುಗಳಿಗೆ ಇಗರ್ಜಿಯವರು ಕೊಟ್ಟಷ್ಟೇ ಸಂಬಳ. ನನಗೆ ಮೊದಲ ಎರಡು ವರ್ಷ ಸಂಬಳದ ಒಂದು ಭಾಗ ಅಕ್ಕಿಯ ಲೆಕ್ಕದಲ್ಲಿ ಬಂತು. ಅಕ್ಕಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ನನ್ನ ಅಂದಾಜು ಹೀಗೆ. ಕಲ್ಲಿನಲ್ಲಿ ಇರುವುದು ಪ್ರೈಮರಿಯದು. ಬೋರ್ಡಿನಲ್ಲಿ ಇರುವುದು ಅನುದಾನದ ವರ್ಷ, ಯಾಕೆಂದರೆ ಬೋರ್ಡ್ ಬರೆಸಿದ ಹೆಡ್ ಮಾಸ್ಟರಿಗೆ ಅದೇ ದೊಡ್ಡ ಹಬ್ಬ. ಹೈಸ್ಕೂಲು ನಿಜವಾಗಿ ಶುರುವಾದ ವರ್ಷವನ್ನು ಯಾರೂ ಎಲ್ಲೂ ಕೆತ್ತಿಸಿಲ್ಲ.

ಇಗರ್ಜಿ ಗುಡ್ಡ

ಮೇಷ್ಟ್ರೇ, ಸಾಷ್ಟಾಂಗ. ಆ ವರ್ಷವೇ ನನಗೆ ಬೇಕಾಗಿರುವುದು. ಅಡ್ಮಿಷನ್ ರಿಜಿಸ್ಟರ್ ನೋಡಿದರೆ ಮುಗೀತಲ್ಲ ಅಂತ ಆಫೀಸಿಗೆ ಹೋಗಿದ್ದೆ. ಹೈಸ್ಕೂಲಿನ ಮೊದಲ ರಿಜಿಸ್ಟರಿನ ಆರಂಭದ ಹಾಳೆಗಳನ್ನು ಒರಲೆ ತಿಂದಿದೆ. ಮೊದಲು ಓದಲು ಸಿಗುವ ಹೆಸರಿನ ನಂಬರ್ ನಲವತ್ತರ ಮೇಲಿದೆ. ಒರಲೆಗೆ ಇಸವಿಯೇ ರುಚಿ ಅಂತ ಕಾಣುತ್ತದೆ.

ಆದರೆ ಒಂದು ಫೈಲ್ ಸಿಕ್ಕಿತು. ಹೈಸ್ಕೂಲಿಗೆ ಅನುಮತಿ ಕೇಳುವ ಮೊದಲು ಪಾದ್ರಿಗಳು ಬಿಷಪ್ಪರಿಗೆ ಬರೆದ ಕಾಗದದ ಪ್ರತಿ. ತಾರೀಕು ಇದ್ದ ಮೂಲೆ ಹರಿದಿದೆ. ವಿಳಾಸ ಮಾತ್ರ ಇದೆ. ಚಿಕ್ಕಮಗಳೂರು ಬಿಷಪ್ಪರಿಗೆ ಬರೆದಿದ್ದಾರೆ. ಶಿವಮೊಗ್ಗದಲ್ಲೇ ಬಿಷಪ್ ಇರುವಾಗ ಚಿಕ್ಕಮಗಳೂರಿಗೆ ಯಾಕೆ?

ಮೊಂತಿ ಫೆಸ್ತ್

ಅಣ್ಣಾ, ಅದೇ ಗಟ್ಟಿ ಸುಳಿವು! ಶಿವಮೊಗ್ಗಕ್ಕೆ ಬೇರೆ ಬಿಷಪ್ ಬಂದದ್ದು ಈಚೆಗೆ. ಶಿವಮೊಗ್ಗ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಕೆಳಗಿನ ಸೀಮೆ, ಆದದ್ದು 1988ರ ನವೆಂಬರಿನಲ್ಲಿ. ಅದಕ್ಕೆ ಮೊದಲು ನಾವೆಲ್ಲ ಚಿಕ್ಕಮಗಳೂರಿಗೆ ಸೇರಿದ್ದೆವು. ಚಿಕ್ಕಮಗಳೂರು ಧರ್ಮಪ್ರಾಂತ್ಯ ಆದದ್ದು 1963ರ ನವೆಂಬರಿನಲ್ಲಿ. ಅದಕ್ಕೂ ಮೊದಲು ಎಲ್ಲಾ ಮೈಸೂರು. ಇನ್ನೂ ಹಿಂದೆ ಹೋದರೆ ಮೈಸೂರು ಸೀಮೆಯ ಇಗರ್ಜಿಗಳನ್ನು ನೋಡಿಕೊಳ್ಳುತ್ತಿದ್ದವರು ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಫ್ರೆಂಚ್ ಪಾದ್ರಿಗಳು. ನಮ್ಮ ಹಳೇ ಜ್ಞಾನಸ್ನಾನದ ರಿಜಿಸ್ಟರ್ ಲ್ಯಾಟಿನ್‌ನಲ್ಲಿದೆ. ನಮ್ಮಜ್ಜಿಯ ಹೆಸರನ್ನು ಲ್ಯಾಟಿನ್‌ನಲ್ಲಿ ಓದಿದರೆ ಯಾವುದೋ ಮಹಾರಾಣಿ ಅನ್ನಿಸುತ್ತದೆ.

ಅಂದರೆ ಆ ಕಾಗದ 1963ರ ನವೆಂಬರಿಗಿಂತ ಮುಂಚಿನದು ಆಗಲು ಸಾಧ್ಯವೇ ಇಲ್ಲ.

ನಿವೃತ್ತ ಮೇಷ್ಟ್ರು

ಭೇಷ್ ಮಗಳೇ. ಆ ಫೈಲಿನಲ್ಲಿ ಸರ್ಕಾರದ ಕಾಗದ ಏನಾದರೂ ಇದೆಯಾ? ಮೇಲೆ ಮೈಸೂರು ರಾಜ್ಯ ಅಂತ ಇದೆಯೋ ಕರ್ನಾಟಕ ಅಂತಲೋ? ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ.

ಇಗರ್ಜಿ ಗುಡ್ಡ

ಇದೆ. ಮೈಸೂರು ಸರ್ಕಾರದ ಗಂಡಭೇರುಂಡ ಮುದ್ರೆ ಇದೆ. ಹಾಗಾದರೆ 63ಕ್ಕೂ 73ಕ್ಕೂ ನಡುವೆ. ಹತ್ತು ವರ್ಷಕ್ಕೆ ಬಂದು ನಿಂತೆವು. ಇನ್ನೂ ಹಿಂಡಬೇಕು.

ಮೂರನೇ ಬೆಂಚು

ಇಸವಿಯ ಲೆಕ್ಕಕ್ಕೆ ನನ್ನಿಂದ ಏನೂ ಸಹಾಯ ಆಗುವುದಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಓದಿದವನು ನಾನು. ಬೇರೆ ಒಂದು ಮಾತು ಹೇಳಬೇಕಿತ್ತು.

ಶಾಲೆಯ ಹಿಂದಿನ ಜಗಲಿಯಲ್ಲಿ ಒಂದು ತಾಮ್ರದ ಹಂಡೆ ಇತ್ತು. ಅದಕ್ಕೆ ಸರಪಳಿ ಕಟ್ಟಿದ ಒಂದೇ ಲೋಟ. ನಮ್ಮ ಕೇರಿಯಿಂದ ಶಾಲೆಗೆ ಹೋಗುತ್ತಿದ್ದವರು ನಾನು, ನಮ್ಮಣ್ಣ. ಊರಿನ ಹೋಟೆಲಿನಲ್ಲಿ ನಮ್ಮಪ್ಪನಿಗೆ ಚಹಾ ಕೊಡುತ್ತಿದ್ದದ್ದು ಹೊರಗೆ, ಬೇರೆ ಲೋಟದಲ್ಲಿ. ಕುಡಿದು ತೊಳೆದು ಕವುಚಿ ಇಡಬೇಕಿತ್ತು. ಮೊದಲ ದಿನ ನಾನು ಹಂಡೆಯ ಹತ್ತಿರ ಹೋಗಿ ಕೈ ಬೊಗಸೆ ಮಾಡಿಕೊಂಡು ನಿಂತೆ. ಯಾರಾದರೂ ಮೇಲಿನಿಂದ ಹುಯ್ಯುತ್ತಾರೆ ಅಂತ. ಡ್ರಿಲ್ ಮೇಷ್ಟ್ರು ನೋಡಿದರು. ಏನೂ ಹೇಳಲಿಲ್ಲ. ಲೋಟ ನನ್ನ ಕೈಗೆ ಕೊಟ್ಟು ಹೋದರು.

ಅದಾದ ಮೇಲೆ ಇಬ್ಬರು ಮೂವರು ಹುಡುಗರು ಮನೆಯಿಂದ ಬಾಟ್ಲಿ ತರಲು ಶುರು ಮಾಡಿದರು. ಅದೂ ನೆನಪಿದೆ.

ಇಗರ್ಜಿ ಗುಡ್ಡ

ಇದನ್ನು ಹಾಗೇ ಸಂಚಿಕೆಗೆ ಹಾಕಬಹುದಾ ಅಣ್ಣಾ? ಒಂದಕ್ಷರ ತಿದ್ದುವುದಿಲ್ಲ.

ಮೂರನೇ ಬೆಂಚು

ಹಾಕಿ. ಬಾಟ್ಲಿಯ ಸಾಲು ತೆಗೆಯುವ ಹಾಗಿಲ್ಲ.

ನೇರ ಮಾತು

ಎಲ್ಲರೂ ಹೊಗಳುವುದೇ ಆಯಿತು. ಚರ್ಚಿನವರು ಶಾಲೆ ತೆರೆಯುವುದು ಮತಾಂತರಕ್ಕೆ ಅಂತ ಊರಲ್ಲಿ ಎಷ್ಟು ಜನ ಹೇಳಲ್ಲ? ಹಾಲಿನ ಪುಡಿ, ಉಪ್ಪಿಟ್ಟು ಕೊಟ್ಟು ಕರೆಯುತ್ತಿದ್ದರು ಅಂತ ನಮ್ಮ ಅಜ್ಜ ಹೇಳುತ್ತಿದ್ದರು.

ನಿವೃತ್ತ ಮೇಷ್ಟ್ರು

ಉಪ್ಪಿಟ್ಟಿನ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ಮೂಟೆ ಎಣಿಸಿ ಸಹಿ ಹಾಕುತ್ತಿದ್ದವನು ನಾನೇ. ಅದು ಇಗರ್ಜಿಯ ಉಪ್ಪಿಟ್ಟಲ್ಲ. ಅಮೆರಿಕದವರು 1954ರಲ್ಲಿ ಪಿ.ಎಲ್. 480 ಅಂತ ಕಾನೂನು ಮಾಡಿ ತಮ್ಮಲ್ಲಿ ಹೆಚ್ಚಾದ ಧಾನ್ಯ ಹೊರಗೆ ಕಳಿಸಿದರು. ಕೇರ್ ಅನ್ನುವ ಸಂಸ್ಥೆ ಅದನ್ನು ಶಾಲೆಗಳಿಗೆ ಮುಟ್ಟಿಸುತ್ತಿತ್ತು. ಸರ್ಕಾರಿ ಶಾಲೆಯಲ್ಲೂ ಅದೇ ಹಳದಿ ಉಪ್ಪಿಟ್ಟು, ಅದೇ ಪುಡಿ ಹಾಲು. ಅದನ್ನು ತಿಂದು ಮತ ಬದಲಾಯಿಸುವುದಾದರೆ ಇಡೀ ರಾಜ್ಯ ಬದಲಾಗಬೇಕಿತ್ತು.

ನಾನು ಸಂಧ್ಯಾವಂದನೆ ಮಾಡಿಕೊಂಡೇ ಆ ಶಾಲೆಯಲ್ಲಿ ಕನ್ನಡ ಹೇಳಿದವನು. ವಾರಕ್ಕೆರಡು ಪಿರಿಯಡ್ ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ ಇರುತ್ತಿತ್ತು. ಅದೇ ಹೊತ್ತಿಗೆ ಉಳಿದವರಿಗೆ ನೀತಿಪಾಠ. ಆ ನೀತಿಪಾಠ ನನ್ನ ಪಾಲಿಗೆ. ನಾನು ವಚನ, ಕಗ್ಗ, ಗೋವಿನ ಹಾಡು ಹೇಳಿಸುತ್ತಿದ್ದೆ. ಫಾದರ್ ಒಂದು ದಿನ ಬಾಗಿಲಲ್ಲಿ ನಿಂತು ಪುಣ್ಯಕೋಟಿ ಪೂರ್ತಿ ಕೇಳಿ, ಆ ಪಿರಿಯಡ್‌ಗೆ ಅವರ ಮಕ್ಕಳನ್ನೂ ಕಳಿಸಿದರು.

ಜಡೆ ಎರಡು

ಮೇಷ್ಟ್ರೇ ನಮಸ್ಕಾರ. ನಿಮ್ಮ ಹತ್ತಿರವೇ ಛಂದಸ್ಸು ಕಲಿತವಳು ನಾನು. ಆದರೆ ಎಲ್ಲಾ ಹಾಲು ಜೇನು ಅಂತ ಬರೆಯಬೇಡಿ ದಯವಿಟ್ಟು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಹೂ ಮುಡಿದು ಬರಬಾರದು ಅಂತ ಒಂದು ನಿಯಮ ಬಂತು. ಶುಕ್ರವಾರ ಮನೆಯಲ್ಲಿ ಅಮ್ಮ ಮುಡಿಸಿದ ಜಾಜಿ ಹೂವನ್ನು ಒಬ್ಬ ಸಿಸ್ಟರ್ ಎಲ್ಲರ ಎದುರು ತೆಗೆದರು. ತೆಗೆದು ಎಸೆಯಲಿಲ್ಲ, ಮಾತೆಯ ಮೂರ್ತಿಯ ಮುಂದೆ ಇಟ್ಟರು. ಅವರ ಮನಸ್ಸಿನಲ್ಲಿ ಅದು ಮರ್ಯಾದೆಯೇ ಇರಬಹುದು. ನಾನಂತೂ ಮಧ್ಯಾಹ್ನದವರೆಗೆ ಅತ್ತೆ. ಮಾರನೇ ದಿನ ನಮ್ಮಜ್ಜ ಕೊಡೆ ಊರಿಕೊಂಡು ನಾಲ್ಕು ಮೈಲಿ ನಡೆದು ಬಂದರು. ಏನು ಮಾತಾಯಿತೋ ಗೊತ್ತಿಲ್ಲ. ನಿಯಮ ಮುಂದಿನ ವಾರ ಹೋಯಿತು.

ಅದೇ ಸಿಸ್ಟರ್ ನನ್ನನ್ನು ಪಿಯುಸಿಗೆ ಕಳಿಸಿ ಅಂತ ಮನೆಗೆ ಮೂರು ಸಲ ಬಂದರು. ಮೂರನೇ ಸಲ ಕಾಲಿಗೆ ಉಂಬಳ ಹತ್ತಿಸಿಕೊಂಡು, ಬಿಳಿ ಬಟ್ಟೆಯೆಲ್ಲ ರಕ್ತ. ಅಜ್ಜನೇ ಸುಣ್ಣ ತಂದು ಕೊಟ್ಟರು. ಅವತ್ತು ಒಪ್ಪಿದರು. ನಾನು ಟೀಚರ್ ಆದೆ. ಎರಡೂ ಬರೆಯಿರಿ. ಹೂವಿನದನ್ನು ಬಿಟ್ಟು ಉಂಬಳದ್ದು ಮಾತ್ರ ಬರೆದರೆ ನಾನು ಸಂಚಿಕೆ ಕೊಳ್ಳುವುದಿಲ್ಲ.

ನೇರ ಮಾತು

ಅಕ್ಕ, ಈ ತರಹ ಹೇಳಿದರೆ ನಾನೂ ಒಪ್ಪುತ್ತೇನೆ.

ಶರಾವತಿ ಹಿನ್ನೀರು

ತಡವಾಗಿ ನೋಡಿದೆ. ಇಸವಿ ಹುಡುಕುತ್ತಿದ್ದೀರಲ್ಲ, ನಮ್ಮ ದೊಡ್ಡಪ್ಪನನ್ನು ಕೇಳಿ ಬಂದೆ.

ನಮ್ಮದು ಮುಳುಗಡೆ ಊರು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ ಅಂತ ನಿಮಗೆಲ್ಲ ಗೊತ್ತು. ನಮ್ಮವರು ಕೊನೆಯವರೆಗೂ ನೀರು ಬರಲ್ಲ ಅಂತಲೇ ಕೂತಿದ್ದರು. ಗದ್ದೆ ನಾಟಿ ಬೇರೆ ಮಾಡಿದ್ದರು. ಆ ಮಳೆಗಾಲ ನೀರು ಬಂತು. ಹಂಡೆ, ದನ, ದೇವರ ಪೆಟ್ಟಿಗೆ, ಮನೆಯ ಬಾಗಿಲು ಇಷ್ಟನ್ನು ಲಾರಿಗೆ ಹಾಕಿಕೊಂಡು ಈ ಕಡೆ ಬಂದರು. ದೊಡ್ಡಪ್ಪನ ಏಳನೇ ಕ್ಲಾಸಿನ ಸರ್ಟಿಫಿಕೇಟ್ ಎಲ್ಲೋ ಹೋಯಿತು. ಅವರು ಓದಿದ ಶಾಲೆಯೇ ನೀರಿನಡಿ, ಇನ್ನೊಂದು ಪ್ರತಿ ಯಾರನ್ನು ಕೇಳುವುದು? ಸರ್ಕಾರಿ ಶಾಲೆಯಲ್ಲಿ ಕಾಗದ ತನ್ನಿ ಅಂದರಂತೆ. ಇಗರ್ಜಿ ಶಾಲೆಯ ಪಾದ್ರಿ ಒಂದು ಲೆಕ್ಕ ಕೊಟ್ಟು, ಒಂದು ಪುಟ ಓದಿಸಿ, ನಾಳೆಯಿಂದ ಬಾ ಅಂದರು. ಮರುವರ್ಷದ ಜೂನಿನಲ್ಲಿ ಎಂಟನೇ ಕ್ಲಾಸಿಗೆ ಸೇರಿದ್ದು.

ಇದನ್ನು ಗಮನಿಸಿ. ಅವರು ಸೇರಿದಾಗ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗರು ಇದ್ದರು. ಹತ್ತನೇ ಕ್ಲಾಸು ಇರಲಿಲ್ಲ.

ನಿವೃತ್ತ ಮೇಷ್ಟ್ರು

ಹಾಗಾದರೆ ಮುಗೀತು! ದೊಡ್ಡಪ್ಪನವರು 1965ರ ಜೂನಿನಲ್ಲಿ ಎಂಟಕ್ಕೆ. ಮೇಲೆ ಒಂದೇ ಬ್ಯಾಚ್. ಅಂದರೆ ಮೊದಲ ಬ್ಯಾಚ್ ಸೇರಿದ್ದು 1964ರ ಜೂನ್. ಪಾದ್ರಿಗಳು ಕಾಗದ ಬರೆದದ್ದು 63ರ ನವೆಂಬರಿಗೂ 64ರ ಬೇಸಿಗೆಗೂ ನಡುವೆ. ಹೊಸ ಬಿಷಪ್ಪರು ಬಂದ ಕೂಡಲೇ ಅರ್ಜಿ ಹಾಕಿದ್ದಾರೆ, ಜಾಣರು.

ಒಂದು ತಾಳೆ ನೋಡಬಹುದು. ಮೊದಲ ಬ್ಯಾಚಿನವರು ಎಸ್ಸೆಸ್ಸೆಲ್ಸಿ ಬರೆದದ್ದು 1967ರಲ್ಲಿ ಆಗಬೇಕು. ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಆದದ್ದು 1966ರಲ್ಲಿ. ಹಾಗಾಗಿ ಅವರ ಮಾರ್ಕ್ಸ್ ಕಾರ್ಡಿನ ಮೇಲೆ ಮಂಡಳಿಯ ಹೆಸರು ಇರಬೇಕು. ಯಾರ ಮನೆಯಲ್ಲಾದರೂ ಇದೆಯಾ?

ಶರಾವತಿ ಹಿನ್ನೀರು

ದೊಡ್ಡಪ್ಪನದು ಎರಡನೇ ಬ್ಯಾಚ್. ಅವರ ಕಾರ್ಡಿನಲ್ಲಿ ಮಂಡಳಿ ಅಂತಲೇ ಇದೆ. ಮೊದಲ ಬ್ಯಾಚಿನಲ್ಲಿ ಇದ್ದದ್ದು ಹನ್ನೊಂದು ಜನ ಅಂತೆ. ಪಾಸಾದವರು ಎಷ್ಟು ಅಂತ ಕೇಳಿದರೆ ನಗುತ್ತಾರೆ, ಹೇಳಲ್ಲ.

ದೊಡ್ಡಪ್ಪ ಇನ್ನೊಂದು ಮಾತು ಹೇಳಿದರು. ಆಗ ಹಾಸ್ಟೆಲ್ ಇರಲಿಲ್ಲ. ದೂರದ ಹುಡುಗರು ಇಗರ್ಜಿಯ ಹಿಂದಿನ ಕೊಟ್ಟಿಗೆಯಲ್ಲಿ ಮಲಗುತ್ತಿದ್ದರು. ಕಂಬಳಿ ಕೊಪ್ಪೆಯೇ ರೈನ್‌ಕೋಟು, ರಾತ್ರಿಗೆ ಅದೇ ಹೊದಿಕೆ. ಅನ್ನ ಮಾಡಿಕೊಳ್ಳಲು ಪಾದ್ರಿ ಕಟ್ಟಿಗೆ ಕೊಡುತ್ತಿದ್ದರು. ಅಕ್ಕಿ ಮನೆಯಿಂದ. ಹವ್ಯಕರ ಹುಡುಗರಿಗೆ ಒಂದು ಒಲೆ, ಉಳಿದವರಿಗೆ ಇನ್ನೊಂದು. ಮಳೆ ಜಾಸ್ತಿಯಾಗಿ ಒಂದು ಒಲೆ ಕೆಟ್ಟ ದಿನದಿಂದ ಎರಡೂ ಒಂದಾದವು. ಯಾರ ಮನೆಗೂ ಹೇಳಲಿಲ್ಲವಂತೆ.

ಈಗಿನ ಬ್ಯಾಚ್

ನಾನು ಮೂರು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಇದೆಲ್ಲ ನಮಗೆ ಯಾರೂ ಹೇಳಲೇ ಇಲ್ಲ. ನಮ್ಮ ಕನ್ನಡ ಮೀಡಿಯಂ ಕ್ಲಾಸಿನಲ್ಲಿ ಹದಿನಾಲ್ಕು ಜನ ಇದ್ದೆವು. ಪಕ್ಕದ ಇಂಗ್ಲಿಷ್ ಮೀಡಿಯಂನಲ್ಲಿ ಬೆಂಚಿಗೆ ನಾಲ್ಕು ಜನ. ನಮ್ಮ ಗಣಿತದ ಸರ್ ರಿಟೈರ್ ಆದ ಮೇಲೆ ಬೇರೆಯವರು ಬರಲಿಲ್ಲ.

ನಿವೃತ್ತ ಮೇಷ್ಟ್ರು

ಹೌದಮ್ಮ. ಅನುದಾನದ ಹುದ್ದೆ ಒಮ್ಮೆ ಖಾಲಿಯಾದರೆ ಮತ್ತೆ ತುಂಬಲು ಅನುಮತಿ ತರುವುದು ಹೆಣಗಾಟ. ಇಂಗ್ಲಿಷ್ ಕಡೆ ಫೀಸಿನಿಂದ ಸಂಬಳ ಹೊರಡುತ್ತದೆ. ಕನ್ನಡದ ಕಡೆ ಅದೂ ಇಲ್ಲ. ನನ್ನ ಸ್ವಂತ ಮೊಮ್ಮಕ್ಕಳು ಇಂಗ್ಲಿಷ್ ಮೀಡಿಯಂನಲ್ಲೇ ಇದ್ದಾರೆ, ಹಾಗಾಗಿ ನಾನು ಭಾಷಣ ಮಾಡುವ ಹಾಗಿಲ್ಲ.

ಮೊಂತಿ ಫೆಸ್ತ್

ಈಗ ನಮ್ಮ ಇಗರ್ಜಿಯಲ್ಲೂ ಕೊಂಕಣಿ, ಕನ್ನಡ, ತಮಿಳು ಎಲ್ಲಾ ಇದೆ. ಶುಂಠಿ, ರಬ್ಬರ್ ಅಂತ ಕೇರಳದಿಂದ ಬಂದವರೂ ಇದ್ದಾರೆ. ಅವರ ಕೆಥೋಲಿಕ್ ಪಂಗಡವಾದ ಸಿರೋ ಮಲಬಾರಿನದೇ ಧರ್ಮಪ್ರಾಂತ್ಯ 2007ರಲ್ಲಿ ಭದ್ರಾವತಿಯಲ್ಲಿ ಆಯಿತು. ಶಾಲೆಯ ಅಂಗಳದಲ್ಲಿ ನಿಂತರೆ ಐದು ಭಾಷೆ ಕೇಳುತ್ತದೆ. ಬೈಯುವಾಗ ಮಾತ್ರ ಎಲ್ಲರದೂ ಕನ್ನಡ.

ಇಗರ್ಜಿ ಗುಡ್ಡ

ಸರಿ, ನಾನು ಹೀಗೆ ಹಾಕುತ್ತೇನೆ. ಜಗಲಿ ಶಾಲೆಗೆ ಇಸವಿ ಹಾಕುವುದಿಲ್ಲ, ಜೋಗದ ಕೆಲಸದ ಕಾಲಕ್ಕೆ ಅಂತ ಬರೆಯುತ್ತೇನೆ. ಪ್ರೈಮರಿಗೆ ಕಲ್ಲಿನ ಇಸವಿ. ಹೈಸ್ಕೂಲಿಗೆ 1964ರ ಜೂನ್. ಬೋರ್ಡಿನ ಇಸವಿಗೆ ಅನುದಾನ ಸಿಕ್ಕ ವರ್ಷ ಅಂತ ಒಂದು ಅಡಿಟಿಪ್ಪಣಿ. ಹಂಡೆ, ಬಾಟ್ಲಿ, ಹೂವು, ಉಂಬಳ, ಒಲೆ ಎಲ್ಲಾ ಬರುತ್ತದೆ. ದೊಡ್ಡಪ್ಪನವರನ್ನು ಭಾನುವಾರ ಬಂದು ನೋಡುತ್ತೇನೆ, ಮಾರ್ಕ್ಸ್ ಕಾರ್ಡಿನ ಫೋಟೊ ತೆಗೆಯಬೇಕು. ಮೊದಲ ಬ್ಯಾಚಿನ ಹನ್ನೊಂದು ಜನರಲ್ಲಿ ಯಾರಾದರೂ ಈಗಲೂ ಊರ ಕಡೆ ಇದ್ದರೆ ದಯವಿಟ್ಟು ತಿಳಿಸಿ. ಇನ್ನು ಯಾರೂ ಹೊಸ ಇಸವಿ ತರಬೇಡಿ, ಕೈ ಮುಗಿಯುತ್ತೇನೆ.

ಸೋಗೆಮನೆ

ಸರ್, ಕೊನೆಯದಾಗಿ ಒಂದು. ಶಾಲೆಯ ಗಂಟೆ ಇದೆಯಲ್ಲ, ಮಾವಿನ ಮರಕ್ಕೆ ನೇತುಹಾಕಿದ ರೈಲು ಕಂಬಿ ತುಂಡು? ಇವತ್ತು ಹೋಗಿ ತುಕ್ಕು ಉಜ್ಜಿ ನೋಡಿದೆ. ಅದರ ಮೇಲೂ ಒಂದು ಇಸವಿ ಇದೆ!

ಇಗರ್ಜಿ ಗುಡ್ಡ

ಅದು ಕಂಬಿ ತಯಾರಾದ ವರ್ಷ ಮಾರಾಯ್ರೆ. ತಾಳಗುಪ್ಪಕ್ಕೆ ರೈಲು ಬಂದದ್ದೇ 1940ರಲ್ಲಿ. ಅದನ್ನೂ ಫ್ರೇಮ್ ಹಾಕಿಸಬೇಡಿ, ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ಬೇಕು.